ಅರ್ಧ ಶುಲ್ಕ, ಅರ್ಧ ಗಂಟೆ

ಫೋಟೋದಲ್ಲಿದ್ದ ಹುಡುಗಿ ಬೆಳೆದಿರಲಿಲ್ಲ.

ಚದುರಂಗ ಪಂದ್ಯಾವಳಿಯ ನೋಂದಣಿ ಮೇಜಿನಲ್ಲಿ ಕುಳಿತಿದ್ದ ಕಾರ್ಯದರ್ಶಿ ಹಳೆಯ ಅರ್ಜಿಗಳನ್ನು ಸಾಲಾಗಿ ಹರಡಿದ. ನಾಲ್ಕು ವರ್ಷ, ನಾಲ್ಕು ಅರ್ಜಿ, ಒಂದೇ ಫೋಟೋ: ಎರಡು ಜಡೆ, ಮುಂದಿನ ಹಲ್ಲು ಮುರಿದ ನಗು. ಪ್ರತಿ ಸಲವೂ ಕಿರಿಯರ ಅರ್ಧ ಶುಲ್ಕ. ಪ್ರತಿ ಸಲವೂ ಮೊದಲ ಸುತ್ತಿನಲ್ಲೇ ಗೈರುಹಾಜರಿ. ಎದುರಾಳಿಗೆ ಪುಕ್ಕಟೆ ಅಂಕ.

ಇದು ಅಂಕ ಮಾರುವ ದಂಧೆಯೇ ಎಂದು ಅವನಿಗೆ ಖಚಿತವಾಯಿತು. ಐದನೆಯ ಅರ್ಜಿ ಹಿಡಿದು ತಾಯಿ ಎದುರಿಗೇ ನಿಂತಿದ್ದಳು. ಬೆರಳಿನಲ್ಲಿ ದರ್ಜಿಯ ಅಂಗುಸ್ತಾನ, ತೆಗೆಯಲು ಮರೆತಿರಬೇಕು.

"ಮಗಳೆಲ್ಲಮ್ಮಾ?"

"ದಾರೀಲಿದ್ದಾಳೆ."

"ನಾಲ್ಕು ವರ್ಷದಿಂದ ದಾರೀಲೇ ಇದ್ದಾಳಾ? ಮಗಳನ್ನ ಸಾಕಿದ್ದೀರೋ, ಆಮೆಯನ್ನೋ?"

ಸಾಲಿನಲ್ಲಿದ್ದ ತಂದೆಯೊಬ್ಬ ಕಿಸಕ್ಕನೆ ನಕ್ಕ. ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ಓಟದಲ್ಲಿ ಅವಳೇ ಮುಂದು ಸಾರ್."

"ನೋಡಿ, ಕಿರಿಯರು ಅಂದ್ರೆ ಜನವರಿ ಒಂದಕ್ಕೆ ಹದಿನೆಂಟು ತುಂಬಿರಬಾರದು. ಅನುಮಾನ ಇದ್ರೆ ಪೂರ್ತಿ ಶುಲ್ಕ ಕಟ್ಟಿ, ನಾನೇನೂ ಕೇಳಲ್ಲ."

"ಬೇಡ. ಕಿರಿಯರ ಪಟ್ಟೀಲೇ ಹೆಸರು ಬರಬೇಕು. ಇದೊಂದೇ ವರ್ಷ ಉಳಿದಿರೋದು. ಗಡಿಯಾರ ಓಡಿದ್ರೆ ಸಾಕು."

ನಿಯಮದ ಪ್ರಕಾರ ಬಾರದವರ ಗಡಿಯಾರವೂ ಅರ್ಧ ಗಂಟೆ ಓಡುತ್ತದೆ, ಆಮೇಲೆ ಸೋಲು. ಪ್ರತಿ ವರ್ಷ ಆ ಅರ್ಧ ಗಂಟೆಯೂ ಈಕೆ ಖಾಲಿ ಕುರ್ಚಿಯ ಹಿಂದೆ, ವ್ಯಾಪಾರ ಕುದುರುವುದನ್ನು ಕಾಯುವವಳಂತೆ ಬಾಗಿಲನ್ನೇ ನೋಡುತ್ತ ನಿಲ್ಲುತ್ತಿದ್ದುದು ಅವನಿಗೆ ನೆನಪಾಯಿತು.

"ನಕಲು ನಡೆಯಲ್ಲ. ಈ ಸಲ ಅಸಲಿ ಜನನ ಪ್ರಮಾಣಪತ್ರ ತೋರಿಸಿ."

ಅವಳು ಚೀಲದಿಂದ ಮಡಿಸಿದ ಕಾಗದ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲಿಟ್ಟಳು.

"ಹೊತ್ತು ಮೀರಿಲ್ಲ ತಾನೇ?"

ಪತ್ರ ಅಸಲಿಯೇ. ಮೊಹರು ಸರಿಯಿತ್ತು, ದಿನಾಂಕ ಸರಿಯಿತ್ತು. ಹದಿನೇಳು ವರ್ಷ, ಅರ್ಹಳು. ಕಾರ್ಯದರ್ಶಿಯ ಮುಖ ಪೆಚ್ಚಾಯಿತು. ಎಲ್ಲಾದರೂ ತಿದ್ದಿದ್ದಾರೆಯೇ ಎಂದು ಹಿಂಬದಿ ತಿರುಗಿಸಿದ. ಅಲ್ಲಿ ಪಿನ್ನು ಚುಚ್ಚಿದ ಚೀಟಿಯೊಂದಿತ್ತು. ಐದು ವರ್ಷ ಹಳೆಯದು. ಅವನದೇ ದುಂಡು ಅಕ್ಷರ: 'ವಯಸ್ಸಿನ ದಾಖಲೆ ಇಲ್ಲ. ಮನೆಗೆ ಹೋಗಿ ಅರ್ಧ ಗಂಟೆಯೊಳಗೆ ತಂದರೆ ಮಾತ್ರ ರಿಯಾಯಿತಿ.'

ಆ ಅಕ್ಷರಗಳ ಮೇಲೆ, ಅಡ್ಡಲಾಗಿ, ಲಾರಿಯ ಚಕ್ರದ ಗುರುತು ಮೂಡಿತ್ತು.