ನಿಪ್ಪಾಣಿಯ ಉರುವಲು

ಒಲೆಯ ಹೊಗೆ ಮೂಗಿಗೆ ಬಡಿದದ್ದೇ, ಚಹಾಕ್ಕೆಂದು ಕೂತಿದ್ದ ಧರೆಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಬರಿಗಾಲಲ್ಲೇ ಅಂಗಳಕ್ಕೆ ಓಡಿದ. ಕೆಂಚವ್ವ ತಮ್ಮನನ್ನೇ ನೋಡಿದಳು. ಮೂರು ದಿನದ ಹಿಂದೆ ಆ ಉರುವಲನ್ನು ಅವಳಿಗೆ ಮಾರಿದವನು ಅವನೇ.

"ಹತ್ತಿ ಕಟ್ಟಿಗಿ ಅಂದಿದ್ದೆಲ್ಲೋ?"

"ತಂಬಾಕಿನ ಕಡ್ಡಿ ಅಕ್ಕಾ. ನಿಪ್ಪಾಣ್ಯಾಗ ರೂಪಾಯಿಗೊಂದು ಹೊರಿ, ಇಲ್ಲಿ ಐನಾಪುರದಾಗ ಎಂಟಕ್ಕ ಹೋಗತೈತಿ," ಎಂದು ಧರೆಪ್ಪ ನಕ್ಕ. "ನಮ್ಮನ್ಯಾಗ ಮಾತ್ರ ಹಚ್ಚಾಂಗಿಲ್ಲ. ಹೊಟ್ಟಿ ತೊಳಸತೈತಿ."

ಒಳಕೋಣೆಯಲ್ಲಿ ಬಾಣಂತಿ ಮಗಳು ಮತ್ತೆ ವಾಂತಿ ಮಾಡಿಕೊಂಡಳು, ಕೂಸು ಕೆಮ್ಮಿತು. ಪಥ್ಯ ಕೆಡಿಸಿದಳೆಂದು ಕೆಂಚವ್ವ ಈ ಮೂರು ದಿನವೂ ಮಗಳನ್ನೇ ಬೈದಿದ್ದಳು.

ಅವಳು ಕುದಿಯುತ್ತಿದ್ದ ಚಹಾವನ್ನು ಒಲೆಗೇ ಸುರಿದು ಹೊರಗೆ ಬಂದಳು. ತಮ್ಮನ ಮುಖ ನೋಡಲೂ ಹೇಸಿ, ಹೊಸ್ತಿಲಾಚೆ ಬಿಟ್ಟಿದ್ದ ಅವನ ಚಪ್ಪಲಿಗಳನ್ನು ಎಡಗಾಲಿನಿಂದ ಬೀದಿಗೆ ತಳ್ಳಿದಳು.