ಗೋಡೆ ತುಂಬ ಅಜಂತಾ

ಈ ಸಲ ಹೊಳೆವ್ವ ಬೇಕೆಂದೇ ಕೈಬಿಟ್ಟಳು.

ಚೌಕಟ್ಟು ನೆಲಕ್ಕೆ ಬಡಿಯಿತು. ಗಾಜು ಅಡುಗೆಮನೆಯ ಹೊಸ್ತಿಲವರೆಗೂ ಸಿಡಿಯಿತು. ಒಡೆದದ್ದು ತಾವರೆ ಹಿಡಿದ ಬೋಧಿಸತ್ವನ ಚಿತ್ರ. ಅಜಂತಾ ಗುಹೆಯ ಗೋಡೆಯಿಂದ ಕಾಗದದ ಅಚ್ಚಿಗೆ ಇಳಿದು, ಅಲ್ಲಿಂದ ಅವಳ ಮನೆಗೆ ಬಂದು ಹದಿನೈದು ವರ್ಷ ಕೂತವನು.

ಅಂಗಳದಲ್ಲಿದ್ದ ಗಂಡ ಸಿದರಾಯ ಓಡಿ ಬಂದ. ಚಿತ್ರದ ಕಡೆ ನೋಡಲಿಲ್ಲ.

“ಕೈಗೆ ಹತ್ತೇತೇನು?”

“ಇಲ್ಲ. ಜಾರಿತು.”

“ಇರಲಿ ಬಿಡು. ಹೊಸಾದ ಹಾಕಸ್ತೇನಿ.”

ಕಸಬರಿಗೆ ತಂದು ಅವನೇ ಚೂರು ಗುಡಿಸತೊಡಗಿದ. ಹೊಳೆವ್ವನಿಗೆ ಅಳು ಬಂದಂತಾಯಿತು. ಅಥಣಿಯಲ್ಲಿ ಮೊಘಲ್ ದರ್ಬಾರಿನ ಚಿತ್ರ ಬಿದ್ದಾಗಲೂ ಅವನು ಇದನ್ನೇ ಹೇಳಿದ್ದ. ಕಾಗವಾಡದಲ್ಲಿ ವಿಜಾಪುರದ ಸುಲ್ತಾನನ ಮೇಲೆ ಅವಳು ಒಂದು ತಂಬಿಗೆ ನೀರು ಚೆಲ್ಲಿದಾಗಲೂ ಇದನ್ನೇ. ಎಂಟೇ ದಿನದಲ್ಲಿ ಅದೇ ಸುಲ್ತಾನ ಹೊಸ ಚೌಕಟ್ಟಿನಲ್ಲಿ ಬಂದು ಗೋಡೆ ಏರಿದ್ದ.

ಸಿದರಾಯ ನೀರಾವರಿ ಇಲಾಖೆಯ ಗುಮಾಸ್ತ. ಮೂರು ವರ್ಷಕ್ಕೊಮ್ಮೆ ವರ್ಗ. ಮದುವೆಯಾದ ವರ್ಷ ಚಿಕ್ಕೋಡಿ. ಆಮೇಲೆ ರಾಯಬಾಗ, ಅಥಣಿ, ಕಾಗವಾಡ, ಈಗ ನಿಪ್ಪಾಣಿ. ಮೊದಲ ಚಿತ್ರ, ಈ ಬೋಧಿಸತ್ವ, ಚಿಕ್ಕೋಡಿಯ ಬಾಡಿಗೆ ಮನೆಯ ಗೋಡೆಯಲ್ಲೇ ಇತ್ತು. ಹಿಂದಿದ್ದ ಡ್ರಾಯಿಂಗ್ ಮಾಸ್ತರರು ಬಿಟ್ಟುಹೋಗಿದ್ದರು. ಊರು ಬಿಡುವಾಗ ಸಿದರಾಯ ಮನೆಯ ಮಾಲೀಕನನ್ನು ಕೇಳಿ ಅದನ್ನು ಪಡೆದ. ಮುಂದಿನ ಊರಿನಲ್ಲಿ ಎರಡು ಸೇರಿದವು. ಅದರ ಮುಂದೆ ಐದು. ಈಗ ಹದಿನಾಲ್ಕು.

ಪ್ರತಿ ವರ್ಗಕ್ಕೂ ಹಳೆಯ ಸೀರೆಗಳಲ್ಲಿ ಅವನ್ನು ಸುತ್ತಬೇಕು. ಹೊಸ ಊರಿನಲ್ಲಿ ಒಲೆ ಹೂಡುವ ಮೊದಲೇ ಮೊಳೆ ಹೊಡೆಯುವ ಸದ್ದು. ಗೋಡೆ ಕೆಟ್ಟಿತೆಂದು ಮಾಲೀಕರ ಜಗಳ. ನಿಪ್ಪಾಣಿಯಲ್ಲಂತೂ ತಂಬಾಕು ತುಂಬಿಡುವ ವಖಾರಗಳ ಧೂಳು ದಿನಕ್ಕೆರಡು ಸಲ ಚೌಕಟ್ಟುಗಳ ಮೇಲೆ ಕೂರುತ್ತಿತ್ತು. ಒರೆಸಿ ಒರೆಸಿ ಅವಳ ಭುಜ ಸೋತಿತ್ತು. ಆ ರಾಜರು, ಆ ನರ್ತಕಿಯರು, ಆನೆಗಳು, ಯಾವುದೂ ಅವಳಿಗೆ ಬೇಕಿರಲಿಲ್ಲ. ಒಂದೇ ಒಂದು ಬರಿ ಗೋಡೆ ಬೇಕಿತ್ತು.

ಬಂದವರು, “ಮ್ಯೂಸಿಯಂ ಆಗೇತಲ್ರಿ ಮನಿ,” ಎನ್ನುತ್ತಿದ್ದರು. ಇದು ಯಾವ ಕಾಲದ್ದು ಎಂದು ಯಾರಾದರೂ ಕೇಳಿದರೆ ಸಿದರಾಯ ಹೆಂಡತಿಯ ಮುಖ ನೋಡುತ್ತಿದ್ದ. ತನ್ನನ್ನು ಪರೀಕ್ಷೆ ಮಾಡುತ್ತಾನೆ ಎಂದುಕೊಂಡು ಅವಳು ಚಿತ್ರಗಳ ಕೆಳಗಿನ ಸಣ್ಣ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ಅವಳು ಹೇಳುವಾಗ ಅವನ ಮುಖ ಅರಳುತ್ತಿತ್ತು. ಹೆಂಡತಿಗಿಂತ ಗೋಡೆಯ ಮೇಲೆ ಇವನಿಗೆ ಪ್ರೀತಿ ಹೆಚ್ಚು, ಎಂದು ಅವಳು ಒಳಗೇ ಕುದಿಯುತ್ತಿದ್ದಳು.

ಈಗ ಮತ್ತೆ ರಾಯಬಾಗಕ್ಕೆ ವರ್ಗವಾಗಿತ್ತು. ಮತ್ತೆ ಅದೇ ಸೀರೆ, ಅದೇ ಹಗ್ಗ. ಈ ಸಲ ಚಿತ್ರಗಳು ಹೋಗಬೇಕು, ಇಲ್ಲವೇ ತಾನು ದಿಗ್ಗೇವಾಡಿಯ ತವರಿಗೆ ಹೋಗಬೇಕು. ಹೊಳೆವ್ವ ನಿರ್ಧರಿಸಿದ್ದಳು. ತನ್ನ ಬಟ್ಟೆಗಳನ್ನು ಬೇರೆಯೇ ಚೀಲದಲ್ಲಿ ತುಂಬಿದ್ದಳು.

ಮರುದಿನ ಗಂಡ ಕಚೇರಿಗೆ ಹೋದ ಮೇಲೆ ಒಡೆದ ಬೋಧಿಸತ್ವನನ್ನು ಕಂಕುಳಲ್ಲಿ ಇಟ್ಟುಕೊಂಡು ಪೇಟೆಗೆ ನಡೆದಳು. ಚೌಕಟ್ಟು ಹಾಕುವ ಅಲ್ಲಾಬಕ್ಷ ಗರಗಸ ಹಿಡಿದು ಕೂತಿದ್ದ.

“ನಮ್ಮನಿಯವರು ಬಂದ್ರ ಈ ಚಿತ್ರ ಇನ್ನ ಸಿಗೂದಿಲ್ಲ ಅಂತ ಹೇಳಿಬಿಡ್ರಿ,” ಎಂದಳು.

ಗರಗಸ ನಿಂತಿತು. “ಹಂಗ ಹೆಂಗ ಹೇಳ್ಲಿ ಬಾಯಾರ? ಹ್ವಾದ ಸಲ ಒಂದ ಚಿತ್ರದ ಸಲುವಾಗಿ ಎರಡ ಐತವಾರ ಕೊಲ್ಹಾಪುರ ತಿರಗ್ಯಾರ, ಪಾಪ. ‘ನನಗ ಎಲ್ಲಾ ಒಂದ ನಮೂನಿ ಕಾಣ್ತಾವ ಅಲ್ಲಾಬಕ್ಷ, ಆದ್ರ ಆಕಿ ಜೀವ ಅದರಾಗ ಐತಿ’ ಅಂತಾರ.”

“ಯಾರ ಜೀವ?”

ಅಲ್ಲಾಬಕ್ಷ ಕಣ್ಣರಳಿಸಿದ. “ನಿಮ್ಮದ ರೀ.”

ಚಿತ್ರವನ್ನು ಅಂಗಡಿಯ ಕಟ್ಟೆಯ ಮೇಲೆ ಮರೆತು ಅವಳು ಮನೆಗೆ ಬಂದಳು.

ಸಂಜೆ ಸಿದರಾಯ ಪಡಸಾಲೆಯಲ್ಲಿ ಕೂತು ಸುಲ್ತಾನನನ್ನು ಗೋಣಿಯಲ್ಲಿ ಸುತ್ತುತ್ತಿದ್ದ. ಒಂದು ಕೈ ಸೊಂಟದ ಮೇಲಿತ್ತು. ಕಿವಿಯ ಬಳಿ ಕೂದಲು ನೆರೆತಿದ್ದು ಅವಳಿಗೆ ಆಗ ಕಾಣಿಸಿತು.

“ಈ ಚಿತ್ರ ನಿಮಗ ಸೇರ್ತಾವೇನ್ರಿ?”

ಅವನು ತಬ್ಬಿಬ್ಬಾದ. “ಖರೇ ಹೇಳ್ಲೇನು? ಬ್ಯಾಸರಾಗೇತಿ. ಮೊಳಿ ಹೊಡದ ಹೊಡದ ರಟ್ಟಿ ಬಿದ್ದಾವ.”

“ಮತ್ತ ಯಾಕ ತರ್ತೀರಿ?”

“ನಿನಗ ಸೇರ್ತಾವಲ್ಲ.”

“ನಾ ಯಾವಾಗ ಹೇಳೇನಿ?”

“ಹೇಳಬೇಕೇನು? ಲಗ್ನಾದ ವರ್ಷ ಚಿಕ್ಕೋಡ್ಯಾಗ, ದಿನಾ ಮುಂಜಾನೆ ಜಳಕಾ ಮಾಡಿ ಬಂದು ಆ ಹೂ ಹಿಡದಾತನ ಮುಂದ ನಿಂದರ್ತಿದ್ದಿ. ಎಷ್ಟೊತ್ತರ ನೋಡ್ತಿದ್ದಿ! ಒಮ್ಮೊಮ್ಮೆ ನಗ್ತಿದ್ದಿ. ತವರಮನಿ ಬಿಟ್ಟ ಬಂದಾಕಿ, ನನ್ನ ಮನ್ಯಾಗ ಬ್ಯಾರೆ ಯಾವದಕ್ಕೂ ನಕ್ಕಿರಲಿಲ್ಲ. ಇನ್ನೊಂದೀಟು ಇದ್ರ ಇನ್ನೊಂದೀಟು ನಗತಾಳ ಅಂತ…” ಅವನು ಮಾತು ನಿಲ್ಲಿಸಿ ಹಗ್ಗದ ಗಂಟನ್ನು ಸುಮ್ಮನೆ ಬಿಚ್ಚಿ ಮತ್ತೆ ಬಿಗಿದ. “ಈಗ ನಿನಗೂ ಬ್ಯಾಸರಾತೇನು?”

ಹೊಳೆವ್ವ ಅವನ ಪಕ್ಕದಲ್ಲಿ ಕೂತು ಒಂದು ಹಳೆಯ ಸೀರೆ ಎಳೆದುಕೊಂಡು ದರ್ಬಾರಿನ ಚಿತ್ರಕ್ಕೆ ಸುತ್ತತೊಡಗಿದಳು.

“ಇಲ್ಲ. ಬಿಗಿಯಾಗಿ ಕಟ್ರಿ, ರಾಯಬಾಗದ ರಸ್ತೆ ಛಲೋ ಇಲ್ಲ,” ಎಂದಳು.

ಚಿಕ್ಕೋಡಿಯ ಆ ಮನೆಯಲ್ಲಿ ಕನ್ನಡಿ ಇರಲಿಲ್ಲ. ಹಣೆಯ ಕುಂಕುಮ ನೆಟ್ಟಗೆ ಬಂದಿದೆಯೇ ಎಂದು ಅವಳು ಆ ಚಿತ್ರದ ಗಾಜಿನಲ್ಲಿ ನೋಡಿಕೊಳ್ಳುತ್ತಿದ್ದಳು.