ಮಾತು ಕೇಳುವ ಸೋಫಾ

ಪುಣೆಯ ಡಿಸೈನ್ ಉತ್ಸವದಲ್ಲಿ ರೇಷ್ಮೆ ಮುಸುಕು ಸರಿದು ಸೋಫಾ ಮುಖ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಉಮದಿಯ ಭೀಮರಾಯರು. ಅವರ ಮಗ ಮಲ್ಲಿನಾಥನಿಗೂ ಸೋನ್ಯಾಳದ ಮುರಗೆಪ್ಪನ ಮಗಳು ನಂದಾಳಿಗೂ ಮುಂದಿನ ತಿಂಗಳು ಮದುವೆ. ಮದುವೆಯ ಸೀರೆ ತೆಗೆಯೋಣ ಅಂತ ಬೀಗರನ್ನೂ ಮದುಮಕ್ಕಳನ್ನೂ ಪುಣೆಗೆ ಹೊರಡಿಸಿ, ಸೀರೆಯಂಗಡಿಗಿಂತ ಮೊದಲು ಇಲ್ಲಿಗೆ ತಂದು ನಿಲ್ಲಿಸಿದವರೂ ಅವರೇ.

"ಮಾತು ಕೇಳುವ ಸೋಫಾ!" ಮೈಕ್ ಹಿಡಿದ ಹುಡುಗಿ ಮರಾಠಿಗೆ ಇಂಗ್ಲಿಷಿನ ಒಗ್ಗರಣೆ ಹಾಕಿ ಉಲಿದಳು. "ಯಾವ ಭಾಷೆಯಾದರೂ ಸರಿ, ಮಾಲಕರ ಧ್ವನಿ ಒಮ್ಮೆ ಕೇಳಿಸಿಕೊಂಡರೆ ಸಾಕು, ಅವರು ಹೇಳಿದಂತೆ ಮಲಗುತ್ತದೆ, ಏಳುತ್ತದೆ. ಬೇರೆ ಯಾರು ಹೇಳಿದರೂ ಅಲುಗಾಡುವುದಿಲ್ಲ!"

"ನಮಗೇನೂ ಬ್ಯಾಡ್ರಿ ಬೀಗರ," ಭೀಮರಾಯರು ಮುರಗೆಪ್ಪನ ಹೆಗಲ ಮೇಲೆ ಕೈ ಹಾಕಿದರು. "ವರದಕ್ಷಿಣಿ ಮಾತ ಎತ್ತಿದ್ರ ನನಗ ಸಿಟ್ಟ ಬರ್ತೈತಿ. ನಿಮ್ಮ ಮಗಳು ಕುಂದ್ರಾಕ ಇದೊಂದು ಆದ್ರ ಸಾಕು."

ಬೆಲೆಚೀಟಿ ನೋಡಿದ ಮುರಗೆಪ್ಪನ ಕಣ್ಣ ಮುಂದೆ ಮನೆಯ ಎರಡೂ ಎಮ್ಮೆಗಳ ಮುಖಗಳು ಬಂದು ಹೋದವು. ಆದರೂ ಕೈ ಕಿಸೆಗೆ ಹೋಯಿತು. ನಂದಾ ಕುಳಿತುಕೊಳ್ಳಬೇಕಾದ ಸೋಫಾಕ್ಕೆ ಭೀಮರಾಯರು ತಮ್ಮ ಧ್ವನಿಯನ್ನೇ ಕೊಟ್ಟರು, ಮಗನನ್ನು ಅದರ ಮೇಲೆ ಕೂರಿಸಿ, "ಮಕ್ಕೋ!" ಅಂದರು. ಸೋಫಾವೂ ಮಲಗಿತು, ಮಲ್ಲಿನಾಥನೂ ಮಲಗಿದ.

"ಚಲೋ ಐತಿಲ್ಲೋ?"

"ಐತ್ರಿ ಅಪ್ಪಾ."

ಹಿರಿಯರಿಬ್ಬರೂ ಬಿಲ್ಲಿನ ಕೌಂಟರಿನ ಕಡೆ ನಡೆದರು. ನಂದಾ ಸೋಫಾದ ಹಿಂದೆ ಬಂದು ಬಗ್ಗಿದಳು. "ನೀವ ಒಂದ ಸಲ 'ಬ್ಯಾಡ' ಅನ್ರಿ. ಸೋಫಾ ಇಲ್ಲೇ ಉಳೀಲಿ, ನಾ ನಿಮ್ಮ ಮನಿಗಿ ಬರ್ತೀನಿ. ಅನ್ನಲಿಲ್ಲಂದ್ರ ಬರೂದಿಲ್ಲ."

ಮಲ್ಲಿನಾಥ ಮಲಗಿದಲ್ಲೇ ಕೌಂಟರಿನ ಕಡೆ ಕತ್ತು ಹೊರಳಿಸಿದ. "ಅಪ್ಪಗ ಕೇಳಿ ಹೇಳ್ತೀನ್ರಿ."

"ಅಪ್ಪಂದಲ್ರಿ, ನಿಮಗ ಏನ ಅನಸ್ತೈತಿ?"

"ಅದನ್ನೂ ಅಪ್ಪಗ ಕೇಳಬೇಕ್ರಿ."

ನಂದಾ ಗಂಟಲು ಸರಿಪಡಿಸಿಕೊಂಡಳು. ಜತ್ತದ ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಪ್ರಾಚಾರ್ಯರ ದನಿ ತೆಗೆದು ಬಹುಮಾನ ಹೊಡೆದ ಗಂಟಲು ಅದು. ಈಗ ಅದರಿಂದ ಭೀಮರಾಯರೇ ಹೊರಟರು, ತಂಬಾಕಿನ ಕೆಮ್ಮು ಸಮೇತ:

"ಖ್ಹೂಂ... ಏಳಲೇ, ಲಗೂನ ಏಳು!"

ಸೋಫಾ ಗುಂಯ್ ಅನ್ನುತ್ತ ನಿಧಾನಕ್ಕೆ ಏಳತೊಡಗಿತು. ಮಲ್ಲಿನಾಥ ಅದಕ್ಕಿಂತ ಮೊದಲೇ ಎದ್ದು ಕೈಕಟ್ಟಿ ನಿಂತಿದ್ದ.

ಕೌಂಟರಿನ ಹತ್ತಿರ ಬೀಗರಿಬ್ಬರೂ ಹೊರಳಿ ನೋಡಿದರು.

"ಅಪ್ಪಾ," ನಂದಾ ಈ ಸಲ ತನ್ನ ದನಿಯಲ್ಲೇ ಕರೆದಳು, "ಎರಡೂ ಬ್ಯಾಡ. ನಡಿ."